ಕ್ಲಿಯರ್ ಕೋಟ್‌ಗೆ ಎಷ್ಟು ಪಾಯಿಂಟ್ ಗಾಳಿ?

ಕಾರಿಗೆ ಕ್ಲಿಯರ್ ಕೋಟ್ ಹೊಡೆಯುವಾಗ ಸ್ಪ್ರೇ ಗನ್ನಿಗೆ ಎಷ್ಟು ಪ್ರೆಶರ್ ಇಡಬೇಕು ಎಂದು ಮೂವರು ಅನುಭವಿ ಪೇಂಟರ್‌ಗಳನ್ನು ಕೇಳಿದರೆ ಮೂರು ಬೇರೆ ಬೇರೆ ಉತ್ತರ ಬಂದರೂ ಅಚ್ಚರಿಯಿಲ್ಲ. ಜಪಾನಿನ ಇವಾಟಾ ಎಲ್‌ಪಿಎಚ್-400 ಗನ್ ಹಿಡಿಯುವವರು 16 ಪಿಎಸ್‌ಐ ಸಾಕು ಎನ್ನುತ್ತಾರೆ. ಜರ್ಮನಿಯ ಸಾಟಾ ಗನ್ ಬಳಸುವವರು 29 ಎನ್ನುತ್ತಾರೆ. ಕೆಳಗೆ ಡಬ್ಬಿ ಕಟ್ಟಿದ ಹಳೆಯ ಸಕ್ಷನ್ ಗನ್ನಿನಲ್ಲಿ ಕೈ ಪಳಗಿದವರು, 45ಕ್ಕಿಂತ ಕೆಳಗೆ ಇಳಿಸಿದರೆ ಕ್ಲಿಯರ್ ಸರಿಯಾಗಿ ಒಡೆಯುವುದೇ ಇಲ್ಲ ಎಂದು ವಾದಿಸುತ್ತಾರೆ. ಮೂವರ ಮಾತೂ ಅವರವರ ಗನ್ನಿನ ಮಟ್ಟಿಗೆ ನಿಜ. ಒಬ್ಬರ ಅಂಕಿಯನ್ನು ಇನ್ನೊಬ್ಬರ ಗನ್ನಿಗೆ ಹಾಕಿದಾಗ ಮಾತ್ರ ಬಾನೆಟ್ ಕೆಡುತ್ತದೆ.

ಟಯರ್ ಅಂಗಡಿಯಲ್ಲಿ ‘ಎಷ್ಟು ಪಾಯಿಂಟ್ ಹಾಕ್ಲಿ?’ ಎಂದರೆ ‘ಮೂವತ್ತೆರಡು’ ಎಂದು ಹೇಳಿ ಮುಗಿಸಬಹುದು. ಟಯರಿನೊಳಗೆ ಗಾಳಿ ನಿಂತಿರುತ್ತದೆ, ಎಲ್ಲಿ ಅಳೆದರೂ ಅದೇ ಅಂಕಿ. ಸ್ಪ್ರೇ ಗನ್ನಿನ ಗಾಳಿ ಹರಿಯುತ್ತಿರುತ್ತದೆ. ಹರಿಯುವ ಗಾಳಿ ಕಂಪ್ರೆಸರಿನಿಂದ ಗನ್ನಿನ ಮೂತಿಯವರೆಗೆ ದಾರಿಯುದ್ದಕ್ಕೂ ಒತ್ತಡ ಕಳೆದುಕೊಳ್ಳುತ್ತಲೇ ಬರುತ್ತದೆ. ಗೋಡೆಯ ಗೇಜಿನಲ್ಲಿ ಒಂದು ಅಂಕಿ, ಗನ್ನಿನ ಹಿಡಿಕೆಯ ಬುಡದಲ್ಲಿ ಇನ್ನೊಂದು, ಮೂತಿಗೆ ಕೂರಿಸಿದ ಏರ್ ಕ್ಯಾಪಿನ ರಂಧ್ರದಲ್ಲಿ ಮತ್ತೊಂದು. ಕ್ಲಿಯರ್ ಅನ್ನು ಹನಿಯಾಗಿ ಒಡೆಯುವುದು ಈ ಮೂರನೆಯದು. ಪೇಂಟರ್‌ಗಳ ನಡುವಿನ ಅರ್ಧಕ್ಕರ್ಧ ಜಗಳ, ಯಾರು ಎಲ್ಲಿ ಅಳೆದ ಅಂಕಿ ಹೇಳುತ್ತಿದ್ದಾರೆ ಎಂಬುದನ್ನು ಕೇಳಿಕೊಳ್ಳದೆ ಇರುವುದರಿಂದ ಹುಟ್ಟುತ್ತದೆ.

ಈ ಉಪಕರಣದ ಹುಟ್ಟು ಔಷಧಿಯ ಲೋಕದಲ್ಲಿ ಆಗಿದ್ದು. ಅಮೆರಿಕದ ಓಹಾಯೊ ರಾಜ್ಯದ ಟೊಲೆಡೊ ಊರಿನ ವೈದ್ಯ ಅಲೆನ್ ಡೆವಿಲ್ಬಿಸ್, ರೋಗಿಗಳ ಗಂಟಲಿಗೆ ಔಷಧಿ ಸಿಂಪಡಿಸಲು 1888ರಲ್ಲಿ ಒಂದು ಸಾಧನ ಮಾಡಿದರು. ಅವರ ಮಗ ಥಾಮಸ್ ಅದೇ ತತ್ವವನ್ನು ಬಣ್ಣಕ್ಕೆ ಅಳವಡಿಸಿ 1907ರ ಹೊತ್ತಿಗೆ ಸ್ಪ್ರೇ ಗನ್ ರೂಪಿಸಿದರು. ಜರ್ಮನಿಯ ಸಾಟಾ ಕಂಪನಿಯ ಕಥೆಯೂ ಹೀಗೆಯೇ. 1907ರಲ್ಲಿ ಶಸ್ತ್ರಚಿಕಿತ್ಸೆಯ ಉಪಕರಣ ಮಾಡುತ್ತ ಶುರುವಾದ ಸಂಸ್ಥೆ 1925ರಲ್ಲಿ ಸ್ಪ್ರೇ ಗನ್ನಿಗೆ ಕೈಹಾಕಿತು. ಅಷ್ಟರಲ್ಲಿ ಕಾರು ಉದ್ಯಮಕ್ಕೆ ಇದರ ಅಗತ್ಯ ಬಂದಾಗಿತ್ತು. ಡ್ಯುಪಾಂಟ್ ಕಂಪನಿಯ ಡ್ಯೂಕೊ ಎಂಬ ಬೇಗ ಒಣಗುವ ನೈಟ್ರೋಸೆಲ್ಯುಲೋಸ್ ಲ್ಯಾಕರ್ ಜನರಲ್ ಮೋಟರ್ಸ್‌ನ 1924ರ ಓಕ್‌ಲ್ಯಾಂಡ್ ಕಾರಿನ ಮೇಲೆ ಬಂದಾಗ, ಬ್ರಷ್ಷಿನಲ್ಲಿ ವಾರಗಟ್ಟಲೆ ಹಿಡಿಯುತ್ತಿದ್ದ ಬಣ್ಣದ ಕೆಲಸ ಬಹಳ ಚಿಕ್ಕದಾಯಿತು. ಅಷ್ಟು ಬೇಗ ಒಣಗುವ ಬಣ್ಣವನ್ನು ಬ್ರಷ್ಷಿನಿಂದ ಹಚ್ಚುವುದು ಕಷ್ಟ, ಗನ್ನೇ ಬೇಕು.

ಆ ಕಾಲದ ಗನ್ನುಗಳು ಗಾಳಿಯನ್ನು ಜೋರಾಗಿ ಬಿಡುತ್ತಿದ್ದವು. ಗನ್ನಿನ ಬುಡದಲ್ಲಿ 40ರಿಂದ 60 ಪಿಎಸ್‌ಐ ಸಾಮಾನ್ಯ. ಬಣ್ಣ ಚೆನ್ನಾಗಿ ಒಡೆಯುತ್ತಿತ್ತು ನಿಜ, ಆದರೆ ಕಾರಿನ ಮೇಲೆ ನಿಲ್ಲುತ್ತಿದ್ದದ್ದು ಹೊಡೆದದ್ದರಲ್ಲಿ ಸುಮಾರು ಮೂರನೆಯ ಒಂದು ಪಾಲು ಮಾತ್ರ. ಉಳಿದದ್ದು ತಗಡಿಗೆ ಬಡಿದು ಪುಟಿದು ಮಂಜಾಗಿ ಶೆಡ್ಡಿನ ಗೋಡೆ, ನೆಲ, ಪಕ್ಕದ ಕಾರಿನ ಗಾಜು, ಪೇಂಟರ್‌ನ ಶ್ವಾಸಕೋಶ ಎಲ್ಲವನ್ನೂ ಸೇರುತ್ತಿತ್ತು. ದಶಕಗಳ ಕಾಲ ಇದನ್ನು ಹೆಚ್ಚಿನವರು ದೊಡ್ಡ ಸಮಸ್ಯೆಯೆಂದು ಎಣಿಸಲಿಲ್ಲ.

ಎಣಿಸುವಂತೆ ಮಾಡಿದ್ದು ಲಾಸ್ ಏಂಜಲೀಸಿನ ಹೊಗೆಮಂಜು. ಥಿನ್ನರಿನ ಆವಿ ಬಿಸಿಲಿನಲ್ಲಿ ವಾಹನಗಳ ಹೊಗೆಯ ಜೊತೆ ಸೇರಿ ಓಜೋನ್ ಆಗುತ್ತದೆ ಎಂಬ ಕಾರಣಕ್ಕೆ ದಕ್ಷಿಣ ಕ್ಯಾಲಿಫೋರ್ನಿಯಾದ ವಾಯುಗುಣಮಟ್ಟ ನಿರ್ವಹಣಾ ಜಿಲ್ಲೆ 1980ರ ದಶಕದ ಕೊನೆಗೆ ವಾಹನಗಳ ರಿಪೇರಿ ಬಣ್ಣಕ್ಕೆ 1151ನೇ ನಿಯಮ ತಂದಿತು. ಎಚ್‌ವಿಎಲ್‌ಪಿ, ಅಂದರೆ ಹೆಚ್ಚು ಗಾಳಿ ಕಡಿಮೆ ಒತ್ತಡದ ಗನ್ನಿಗೆ ನಿಯಮ ಕೊಟ್ಟ ವ್ಯಾಖ್ಯೆಯಲ್ಲಿ ಒಂದು ಅಂಕಿ ಇದೆ: ಏರ್ ಕ್ಯಾಪಿನಲ್ಲಿ 0.1ರಿಂದ 10 ಪಿಎಸ್‌ಐ. ಅದನ್ನು ಗನ್ ನಡೆಯುತ್ತಿರುವಾಗ, ಕ್ಯಾಪಿನ ನಡುವಿನಲ್ಲೂ ಕೊಂಬುಗಳಲ್ಲೂ ಅಳೆಯಬೇಕು. ಹೊಡೆದ ಬಣ್ಣದಲ್ಲಿ ಶೇ. 65ರಷ್ಟಾದರೂ ವಸ್ತುವಿನ ಮೇಲೆ ನಿಲ್ಲಬೇಕು ಎಂಬುದು ಇದರ ಜೊತೆಗೆ ಬೆಳೆದು ಬಂದ ಅಳತೆಗೋಲು. ಇವತ್ತು ಹಲವು ಎಚ್‌ವಿಎಲ್‌ಪಿ ಗನ್ನುಗಳ ಹಿಡಿಕೆಯ ಮೇಲೆ ಕೆತ್ತಿರುವ ಗರಿಷ್ಠ ಒಳಹರಿವಿನ ಒತ್ತಡ, ಉದಾಹರಣೆಗೆ 2 ಬಾರ್ ಅಥವಾ 29 ಪಿಎಸ್‌ಐ, ಇಂಥ ನಿಯಮಗಳ ನೆರಳಿನಲ್ಲೇ ಬಂದದ್ದು. ಬುಡದಲ್ಲಿ ಅಷ್ಟು ಕೊಟ್ಟರೆ ಗನ್ನಿನ ಒಳದಾರಿಗಳಲ್ಲಿ ಇಳಿದು ಇಳಿದು ಕ್ಯಾಪ್ ತಲುಪುವಾಗ 10 ಆಗಿರುತ್ತದೆ ಎಂಬುದು ತಯಾರಕರು ಮಾಡಿಟ್ಟ ಲೆಕ್ಕ. ಇವಾಟಾದ ಎಲ್‌ಪಿಎಚ್-400ರ ಒಳದಾರಿಗಳು ಬೇರೆ ರೀತಿಯವು; ಅದಕ್ಕೆ 16 ಕೊಟ್ಟರೆ ಸಾಕಾಗುತ್ತದೆ.

ಒತ್ತಡ ಇಳಿಸಿದರೆ ಹನಿ ದಪ್ಪವಾಗಬೇಕಲ್ಲ ಎಂಬ ಪ್ರಶ್ನೆ ಸಹಜ. ಜಪಾನಿನ ನುಕಿಯಾಮ ಮತ್ತು ತನಸಾವ ಎಂಬ ಇಬ್ಬರು ಎಂಜಿನಿಯರುಗಳು 1930ರ ದಶಕದ ಕೊನೆಯಲ್ಲಿ, ಗಾಳಿಯಿಂದ ಒಡೆದ ಹನಿಗಳ ಗಾತ್ರವನ್ನು ಅಳೆದು ಒಂದು ಸೂತ್ರ ಕೊಟ್ಟರು. ಅದರ ಪ್ರಕಾರ ಹನಿಯ ಗಾತ್ರ ಮುಖ್ಯವಾಗಿ ಎರಡು ಸಂಗತಿಗಳನ್ನು ಅವಲಂಬಿಸುತ್ತದೆ: ದ್ರವಕ್ಕಿಂತ ಗಾಳಿ ಎಷ್ಟು ವೇಗವಾಗಿ ಓಡುತ್ತದೆ, ಮತ್ತು ಒಂದು ಪಾಲು ದ್ರವಕ್ಕೆ ಎಷ್ಟು ಪಾಲು ಗಾಳಿ ಸಿಗುತ್ತದೆ. ದ್ರವ ದಪ್ಪವಾಗಿದ್ದಷ್ಟೂ ಈ ಎರಡನೆಯದರ ತೂಕ ಹೆಚ್ಚು. ಹಳೆಯ ಗನ್ನುಗಳು ವೇಗವನ್ನು ನಂಬಿದ್ದವು, ಎಚ್‌ವಿಎಲ್‌ಪಿ ಗನ್ ಪ್ರಮಾಣವನ್ನು ನಂಬಿತು.

10 ಪಿಎಸ್‌ಐ ಎಂಬ ಗಡಿಯ ಬಗ್ಗೆ ಇನ್ನೊಂದು ಸ್ವಾರಸ್ಯವಿದೆ. ರಂಧ್ರದೊಳಗಿನ ಒಟ್ಟು ಒತ್ತಡ ಹೊರಗಿನ ವಾತಾವರಣದ ಒತ್ತಡಕ್ಕಿಂತ 1.89 ಪಟ್ಟಾದಾಗ ಅಲ್ಲಿ ಗಾಳಿ ಶಬ್ದದ ವೇಗ ಮುಟ್ಟುತ್ತದೆ. ಸಮುದ್ರಮಟ್ಟದಲ್ಲಿ ಗೇಜಿನ ಲೆಕ್ಕದಲ್ಲಿ ಇದು ಸುಮಾರು 13 ಪಿಎಸ್‌ಐ. ಆಮೇಲೆ ಎಷ್ಟು ಒತ್ತಡ ಏರಿಸಿದರೂ ರಂಧ್ರದಲ್ಲಿ ವೇಗ ಏರುವುದಿಲ್ಲ, ಹೆಚ್ಚು ಗಾಳಿ ಸೇರಿಕೊಂಡು ಹೊರಗೆ ಸ್ಫೋಟದಂತೆ ಹಿಗ್ಗುತ್ತದೆ, ಅಷ್ಟೇ. 10 ಪಿಎಸ್‌ಐ ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ ನಿಲ್ಲುತ್ತದೆ. ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ವಾತಾವರಣದ ಒತ್ತಡವೇ ಶೇ. 10ರಷ್ಟು ಕಡಿಮೆಯಿರುವುದರಿಂದ ಈ ಅಂತರ ಸ್ವಲ್ಪ ಕಿರಿದಾಗುತ್ತದೆ, ಆದರೂ 10 ಪಿಎಸ್‌ಐ ಗಡಿಯೊಳಗೇ ಇದೆ.

ಕ್ಲಿಯರ್ ಕೋಟ್ ಎಂಬುದು ಬಣ್ಣವಿಲ್ಲದ, ಎರಡು ಡಬ್ಬಿಯ ಪಾಲಿಯುರೆಥೇನ್. ಒಂದರಲ್ಲಿ ಅಕ್ರಿಲಿಕ್ ರಾಳ, ಇನ್ನೊಂದರಲ್ಲಿ ಐಸೊಸಯನೇಟ್ ಇರುವ ಹಾರ್ಡ್‌ನರ್. 2:1 ಅಥವಾ 4:1ರಂತೆ ಕಂಪನಿ ಹೇಳಿದ ಪ್ರಮಾಣದಲ್ಲಿ ಬೆರೆಸಿ ಹೊಡೆಯುತ್ತಾರೆ. ಒಣಗಿದ ಮೇಲೆ ಅದರ ದಪ್ಪ 50ರಿಂದ 60 ಮೈಕ್ರಾನ್, ತಲೆಗೂದಲಿಗಿಂತ ತೆಳು. ಕಾರಿನ ಹೊಳಪು, ಬಿಸಿಲಿನಿಂದ ಬಣ್ಣಕ್ಕೆ ಸಿಗುವ ರಕ್ಷಣೆ, ಹಕ್ಕಿಯ ಹಿಕ್ಕೆಗೂ ಮರದ ಅಂಟಿಗೂ ತಡೆ, ಎಲ್ಲವೂ ಈ ಪದರದ್ದೇ ಜವಾಬ್ದಾರಿ. ಕೆಳಗಿನ ಮೆಟಾಲಿಕ್ ಬಣ್ಣದಲ್ಲಿ ಸಣ್ಣಪುಟ್ಟ ತಪ್ಪಾದರೆ ಹತ್ತಡಿ ದೂರದಿಂದ ಕಾಣದೇ ಹೋಗಬಹುದು, ಕ್ಲಿಯರಿನ ತಪ್ಪು ಟ್ಯೂಬ್‌ಲೈಟಿನ ಪ್ರತಿಬಿಂಬ ಬಿದ್ದ ಕ್ಷಣವೇ ಕಾಣುತ್ತದೆ. ಪ್ರತಿಬಿಂಬದ ಅಂಚು ನೆಟ್ಟಗಿರುವ ಬದಲು ಅಲೆಅಲೆಯಾಗಿದ್ದರೆ ಅದು ಆರೆಂಜ್ ಪೀಲ್, ಕಿತ್ತಳೆ ಸಿಪ್ಪೆಯ ಮೈ.

ಈ ಆರೆಂಜ್ ಪೀಲ್ ಪ್ರೆಶರಿನ ಎರಡೂ ತುದಿಯಲ್ಲಿ ಹುಟ್ಟುತ್ತದೆ. ಎಷ್ಟೋ ಶೆಡ್ಡುಗಳಲ್ಲಿ ಕೆಲಸ ದಾರಿ ತಪ್ಪುವುದು ಇಲ್ಲೇ. ಒತ್ತಡ ಕಡಿಮೆಯಾದರೆ ದಪ್ಪ ಹನಿಗಳು ಬಿದ್ದು ಉಬ್ಬುಗಳಾಗಿಯೇ ಕೂರುತ್ತವೆ. ಹೆಚ್ಚಾದರೆ ಹನಿ ಸಣ್ಣದಾಗುತ್ತದೆ, ಆದರೆ ಸಣ್ಣ ಹನಿ ಬೇಗ ಒಣಗುತ್ತದೆ. ವ್ಯಾಸ ಅರ್ಧವಾದರೆ ಆವಿಯಾಗಲು ಹಿಡಿಯುವ ಸಮಯ ಕಾಲು ಭಾಗಕ್ಕೆ ಇಳಿಯುತ್ತದೆ. ಥಿನ್ನರ್ ದಾರಿಯಲ್ಲೇ ಹಾರಿಹೋಗಿ ಅರೆಒಣಗಿದ ಹನಿ ತಗಡು ಮುಟ್ಟುತ್ತದೆ, ಪಕ್ಕದ ಹನಿಯ ಜೊತೆ ಬೆರೆಯುವಷ್ಟು ಹರಿವು ಅದಕ್ಕೆ ಉಳಿದಿರುವುದಿಲ್ಲ. ಕಣ್ಣಿಗೆ ಕಾಣುವ ಫಲಿತಾಂಶ ಎರಡೂ ಕಡೆ ಹೆಚ್ಚುಕಡಿಮೆ ಒಂದೇ. ಕಾರಣ ಹುಡುಕದೆ ‘ಇನ್ನಷ್ಟು ಪ್ರೆಶರ್ ಕೊಡು’ ಎಂದವರಿಗೆ ಮೈ ಇನ್ನಷ್ಟು ಒರಟಾಗಿ ಎದುರಾಗುತ್ತದೆ, ಅದನ್ನು ನೋಡಿ ಅವರು ಮತ್ತಷ್ಟು ಏರಿಸುತ್ತಾರೆ.

ಎರಡನ್ನೂ ಬೇರೆಬೇರೆಯಾಗಿ ಗುರುತಿಸಲು ಗುರುತುಗಳಿವೆ. ಕಡಿಮೆ ಒತ್ತಡದ ಸಿಪ್ಪೆಯ ಉಬ್ಬುಗಳು ದೊಡ್ಡವು, ನುಣುಪಾದ ತಲೆಯವು, ಹೊಳಪು ಉಳಿದಿರುತ್ತದೆ. ಹೆಚ್ಚು ಒತ್ತಡದ್ದು ಸಣ್ಣ ಸಣ್ಣ ಕಾಳಿನಂತೆ, ಕೈಯಾಡಿಸಿದರೆ ಮರಳು ಮರಳು, ಹೊಳಪು ಮಂಕು. ಪ್ಯಾನೆಲಿನ ಅಂಚಿನಲ್ಲೂ ಮಾಸ್ಕಿಂಗ್ ಪೇಪರಿನ ಮೇಲೂ ಬಿಳಿ ಪುಡಿ ಕೂತಿರುತ್ತದೆ.

ಬಿದ್ದ ಹನಿಗಳು ಒಂದಾಗಿ ಮಟ್ಟವಾಗುವ ಗಣಿತವನ್ನು 1962ರಲ್ಲಿ ಆರ್ಚರ್ಡ್ ಎಂಬ ವಿಜ್ಞಾನಿ ಬರೆದಿಟ್ಟಿದ್ದಾರೆ, ಬಣ್ಣದ ತಂತ್ರಜ್ಞರು ಇಂದಿಗೂ ಅದನ್ನೇ ಬಳಸುತ್ತಾರೆ. ಉಬ್ಬಿನಿಂದ ಉಬ್ಬಿಗೆ ಇರುವ ಅಂತರ ಅರ್ಧವಾದರೆ ಅದು ಮಟ್ಟವಾಗುವ ವೇಗ ಹದಿನಾರು ಪಟ್ಟು ಹೆಚ್ಚುತ್ತದೆ. ಹಸಿ ಪದರದ ದಪ್ಪ ಎರಡರಷ್ಟಾದರೆ ವೇಗ ಎಂಟು ಪಟ್ಟು. ದ್ರವ ದಪ್ಪವಾದಷ್ಟೂ ವೇಗ ಕಡಿಮೆ. ಹನಿ ಸಣ್ಣದಿರಬೇಕು, ಪದರ ಸಾಕಷ್ಟು ಹಸಿಯಾಗಿರಬೇಕು ಎಂದು ಹಳೆಯ ಪೇಂಟರ್‌ಗಳು ಕಣ್ಣಂದಾಜಿನಲ್ಲಿ ಕಂಡುಕೊಂಡದ್ದು ಇದನ್ನೇ. ಪದರದ ದಪ್ಪ ಹಸಿಯಲ್ಲಿ ಐದನೆಯ ಒಂದು ಪಾಲು ಹೆಚ್ಚಾದರೆ ಮಟ್ಟವಾಗುವ ವೇಗ ಸುಮಾರು ಶೇ. 70ರಷ್ಟು ಏರುತ್ತದೆ. ಆದರೆ ನಿಂತ ಬಾಗಿಲಿನ ಮೇಲೆ ಕ್ಲಿಯರ್ ಕೆಳಗೆ ಜಾರುವ ವೇಗವೂ ದಪ್ಪದ ವರ್ಗಕ್ಕೆ ತಕ್ಕಂತೆ ಏರುತ್ತದೆ, ಅಂದರೆ ಅದೇ ಹೆಚ್ಚುವರಿಗೆ ಶೇ. 44ರಷ್ಟು ಜಾಸ್ತಿ ಜಾರಿ ‘ರನ್’ ಆಗುವ ಭಯ. ಒಳ್ಳೆಯ ಕ್ಲಿಯರ್ ಕೆಲಸ ಈ ಎರಡರ ನಡುವಿನ ಕಿರಿದಾದ ಜಾಗದಲ್ಲಿ ನಡೆಯುತ್ತದೆ. ಪ್ರೆಶರ್ ಆ ಜಾಗ ಹುಡುಕಲು ಇರುವ ಹಲವು ತಿರುಪುಗಳಲ್ಲಿ ಒಂದು. ನಾಜಲಿನ ಗಾತ್ರ (ಕ್ಲಿಯರಿಗೆ ಸಾಮಾನ್ಯವಾಗಿ 1.3 ಅಥವಾ 1.4 ಮಿ.ಮೀ.), ದ್ರವದ ತಿರುಪು, ಗನ್ ಹಿಡಿಯುವ ದೂರ, ಕೈ ಓಡುವ ವೇಗ, ಥಿನ್ನರಿನ ಬಗೆ ಇವೆಲ್ಲವೂ ಅಷ್ಟೇ ಮುಖ್ಯ. ಆದರೆ ಶೆಡ್ಡಿನಲ್ಲಿ ಕೈಗೆ ಸುಲಭವಾಗಿ ಸಿಗುವುದು ರೆಗ್ಯುಲೇಟರಿನ ಗುಂಡಿ, ಹಾಗಾಗಿ ಎಲ್ಲ ತಪ್ಪಿನ ಹೊರೆಯೂ ಅದರ ಮೇಲೆಯೇ ಬೀಳುತ್ತದೆ.

ಹೊಂದಿಸುವ ಕ್ರಮ ಸರಳವಾದದ್ದು, ಒಂದು ಹಾಳೆ ಮಾಸ್ಕಿಂಗ್ ಪೇಪರ್ ಇದ್ದರೆ ಸಾಕು. ಗೋಡೆಗೆ ಅಂಟಿಸಿದ ಪೇಪರಿನ ಎದುರು ಗನ್ನನ್ನು ಒಂದು ಗೇಣಿನ ಆಸುಪಾಸಿನಲ್ಲಿ, ಅಂದರೆ 15ರಿಂದ 20 ಸೆಂಟಿಮೀಟರ್ ದೂರ ಹಿಡಿದು, ಫ್ಯಾನ್, ಅಂದರೆ ಸಿಂಪಡಿಕೆಯ ಅಗಲದ ತಿರುಪು, ಪೂರ್ತಿ ತೆರೆದು, ಒತ್ತಡವನ್ನು ಬೇಕೆಂದೇ ಕಡಿಮೆ ಇಟ್ಟು ಒಂದು ಕ್ಷಣ ಟ್ರಿಗರ್ ಒತ್ತಿ ಬಿಡಬೇಕು. ಪೇಪರಿನ ಮೇಲೆ ಉದ್ದನೆಯ ಮೊಟ್ಟೆಯಾಕಾರದ ಗುರುತು ಬೀಳುತ್ತದೆ. ನೋಡಬೇಕಾದದ್ದು ಅದರ ಅಂಚನ್ನು. ನಡುಭಾಗದಲ್ಲಿ ಹನಿಗಳು ಒಂದರ ಮೇಲೊಂದು ಬಿದ್ದು ಕಲಸಿಹೋಗಿರುತ್ತವೆ, ಅಂಚಿನಲ್ಲಿ ಮಾತ್ರ ಬಿಡಿಬಿಡಿಯಾಗಿ ಕಾಣುತ್ತವೆ. ಅಲ್ಲಿ ಸಾಸಿವೆ ಗಾತ್ರದ ಚುಕ್ಕೆಗಳು ಎದ್ದು ಕಂಡರೆ ಗಾಳಿ ಸಾಲದು. 3 ಪಿಎಸ್‌ಐ ಏರಿಸಿ ಪಕ್ಕದಲ್ಲಿ ಇನ್ನೊಂದು ಗುರುತು, ಮತ್ತೆ 3, ಮತ್ತೊಂದು. ಹೀಗೆ ಏರಿಸುತ್ತ ಹೋದಂತೆ ಅಂಚಿನ ಚುಕ್ಕೆಗಳು ಸಣ್ಣಗಾಗುತ್ತ ಒಂದೇ ಸಮನಾಗುತ್ತವೆ. ಒಂದು ಹಂತದ ನಂತರ ಏರಿಸಿದರೂ ಚುಕ್ಕೆಯ ಗಾತ್ರದಲ್ಲಿ ವ್ಯತ್ಯಾಸ ಕಾಣುವುದಿಲ್ಲ, ಸುತ್ತಲಿನ ಮಂಜು ಮಾತ್ರ ಹೆಚ್ಚುತ್ತದೆ. ಅದರ ಹಿಂದಿನ ಗುರುತು ಯಾವ ಅಂಕಿಯದೋ ಅದೇ ಅವತ್ತಿನ ಪ್ರೆಶರ್. ಪೂರ್ತಿ ಒಡೆಯಲು ಬೇಕಾದ ಅತಿ ಕಡಿಮೆ ಒತ್ತಡ ಎಂಬ ಈ ಸೂತ್ರ, ಯಾವ ಕಂಪನಿಯ ಗನ್ನಿಗೂ ಯಾವ ಕಂಪನಿಯ ಕ್ಲಿಯರಿಗೂ ಹೊಂದುವ ಏಕೈಕ ಉತ್ತರ. ಹಿಡಿಕೆಯ ಮೇಲಿನ ಅಂಕಿ ಮೀರದ ಗಡಿ ಎಂದು ಭಾವಿಸಿ ಅದರ ಕೆಳಗಿನಿಂದ ಹೊರಟರೆ ದಾರಿ ತಪ್ಪುವುದಿಲ್ಲ.

ಈ ಪರೀಕ್ಷೆಯನ್ನು ಅವತ್ತು ಬೆರೆಸಿದ ಕ್ಲಿಯರಿನಿಂದಲೇ ಮಾಡಬೇಕು. ಮೊನ್ನೆಯ ಅಂಕಿ ಇವತ್ತಿಗೆ ಹೊಂದಬೇಕೆಂದಿಲ್ಲ. ಕ್ಲಿಯರ್ ಎಷ್ಟು ತೆಳುವಿದೆ ಎಂಬುದು ಡಬ್ಬಿಯ ಉಷ್ಣತೆಯ ಮೇಲೆ ನಿಂತಿದೆ. ಡಿಸೆಂಬರಿನ ಬೆಳಿಗ್ಗೆ ಚಿಕ್ಕಮಗಳೂರಿನಲ್ಲಿ ದಪ್ಪಗಿದ್ದ ಮಿಶ್ರಣ ಏಪ್ರಿಲ್ ಮಧ್ಯಾಹ್ನ ಕಲಬುರಗಿಯಲ್ಲಿ ನೀರಾಗಿರುತ್ತದೆ. ಇಂಥ ವ್ಯತ್ಯಾಸಕ್ಕೆ ಪ್ರೆಶರಿನಿಂದ ಮದ್ದು ಹುಡುಕುವುದು ಕೆಟ್ಟ ಅಭ್ಯಾಸ. ಕಲಬುರಗಿಯ 40 ಡಿಗ್ರಿಗೆ ನಿಧಾನವಾಗಿ ಆರುವ ಥಿನ್ನರ್, ನಿಧಾನದ ಹಾರ್ಡ್‌ನರ್ ಬೇಕು. ಚಳಿಗೆ ಡಬ್ಬಿಯನ್ನು ಶೆಡ್ಡಿನ ಬೆಚ್ಚನೆ ಜಾಗದಲ್ಲಿಟ್ಟು ಹದಕ್ಕೆ ತರಬೇಕು. ಫೋರ್ಡ್ ಕಪ್ಪಿನಲ್ಲಿ ಎಷ್ಟು ಸೆಕೆಂಡಿಗೆ ಸುರಿದು ಮುಗಿಯುತ್ತದೆ ಎಂದು ನೋಡಿಕೊಳ್ಳುವ ಪೇಂಟರ್‌ಗಳು ನಮ್ಮಲ್ಲಿ ಕಡಿಮೆ. ಕೋಲೆತ್ತಿ ಹನಿ ಬೀಳುವುದನ್ನು ನೋಡಿ ಹದ ಹೇಳುವವರೇ ಹೆಚ್ಚು. ಪಳಗಿದ ಕಣ್ಣಿಗೆ ಅದು ಸಾಕು, ಹೊಸಬರಿಗೆ ಸಾಲದು.

ಇನ್ನು ಗಾಳಿ ಬರುವ ದಾರಿ. ಇಡೀ ವಿಷಯದಲ್ಲಿ ಅತಿ ಕಡಿಮೆ ಮಾತಾಡುವುದು ಈ ಭಾಗದ ಬಗ್ಗೆ, ಆದರೆ ನಮ್ಮ ಟಿಂಕರಿಂಗ್-ಪೇಂಟಿಂಗ್ ಶೆಡ್ಡುಗಳ ಬಹುಪಾಲು ತೊಂದರೆ ಇರುವುದೇ ಇಲ್ಲಿ.

ಹೋಸ್ ಪೈಪಿನಲ್ಲಿ ಒತ್ತಡ ಕಳೆಯುವ ಪ್ರಮಾಣ ಪೈಪಿನ ಒಳವ್ಯಾಸದ ಐದನೆಯ ಘಾತಕ್ಕೆ ವಿಲೋಮವಾಗಿ ನಡೆಯುತ್ತದೆ. ಮಾತು ಕಷ್ಟ, ಲೆಕ್ಕ ಸುಲಭ: ಅಷ್ಟೇ ಗಾಳಿ ಹರಿಯುವಾಗ 3/8 ಇಂಚಿನ ಪೈಪಿಗಿಂತ 1/4 ಇಂಚಿನ ಪೈಪಿನಲ್ಲಿ ಏಳೂವರೆ ಪಟ್ಟು ಹೆಚ್ಚು ಒತ್ತಡ ನಷ್ಟವಾಗುತ್ತದೆ. ಉದ್ದ ಹೆಚ್ಚಾದಷ್ಟೂ ನಷ್ಟ ಬೆಳೆಯುತ್ತದೆ, ಮಧ್ಯೆ ಸಿಗಿಸಿದ ಪ್ರತಿ ಅಗ್ಗದ ಕಪ್ಲಿಂಗ್ ತನ್ನ ಪಾಲು ಕೇಳುತ್ತದೆ. ಟ್ರಿಗರ್ ಒತ್ತದೆ ಇದ್ದಾಗ ಗಾಳಿ ಹರಿಯುವುದಿಲ್ಲವಾದ್ದರಿಂದ ನಷ್ಟವೂ ಇಲ್ಲ, ಗೋಡೆಯ ಗೇಜೂ ಗನ್ನಿನ ಗೇಜೂ ಒಂದೇ ತೋರಿಸುತ್ತವೆ. ಒತ್ತಿದ ಕೂಡಲೇ ಗನ್ನಿನ ಮುಳ್ಳು ಕುಸಿಯುತ್ತದೆ. ಗೋಡೆಯ ಮೇಲೆ 50 ನೋಡಿಕೊಂಡು ‘ನಾನು ಐವತ್ತರಲ್ಲಿ ಹೊಡೆಯೋದು’ ಎನ್ನುವವರ ಗನ್ನಿಗೆ ನಿಜವಾಗಿ ತಲುಪುತ್ತಿರುವುದು 30ರ ಆಸುಪಾಸು ಇರಬಹುದು. ಅವರು ಒಳ್ಳೆಯ ಕೆಲಸವನ್ನೇ ಮಾಡುತ್ತಿರಬಹುದು. ಅವರ ಶಿಷ್ಯ ಬೇರೆ ಶೆಡ್ಡಿಗೆ ಹೋಗಿ, ಅಗಲ ಪೈಪಿನ ತುದಿಯಲ್ಲಿ ಅದೇ 50 ಇಟ್ಟಾಗ ಆಗುವ ಪುಡಿಮಂಜಿಗೆ ಗುರುವಿನ ಕೈ ಕಾರಣವೂ ಅಲ್ಲ, ಶಿಷ್ಯನ ಕೈ ಕಾರಣವೂ ಅಲ್ಲ. ಒತ್ತಡವನ್ನು ಯಾವಾಗಲೂ ಗನ್ನಿನ ಬುಡದಲ್ಲಿ, ಟ್ರಿಗರ್ ಪೂರ್ತಿ ಒತ್ತಿ ಹಿಡಿದು ಹೊಂದಿಸಬೇಕು. ಬುಡಕ್ಕೆ ತಿರುಗಿಸುವ ಚಿಕ್ಕ ಗೇಜು ಬೆಲೆಯಲ್ಲಿ ದೊಡ್ಡದಲ್ಲ. ಅದರ ಜೊತೆ ಬರುವ ಸಣ್ಣ ತಿರುಪು ಸಾಮಾನ್ಯವಾಗಿ ರೆಗ್ಯುಲೇಟರ್ ಅಲ್ಲ, ಬರಿಯ ಅಡ್ಡಗಟ್ಟೆ, ಎಂಬುದು ನೆನಪಿರಬೇಕು. ಕ್ಯಾಪಿನೊಳಗಿನ ಒತ್ತಡವನ್ನೇ ತೋರಿಸುವ ಪರೀಕ್ಷಾ ಕ್ಯಾಪುಗಳನ್ನೂ ಕಂಪನಿಗಳು ಮಾರುತ್ತವೆ.

ಕಂಪ್ರೆಸರಿನ ಲೆಕ್ಕ ಇನ್ನೂ ಕಟು. ಸಾಟಾಜೆಟ್ 4000ರ ಎಚ್‌ವಿಎಲ್‌ಪಿ ಮಾದರಿ 2 ಬಾರ್‌ನಲ್ಲಿ ನಿಮಿಷಕ್ಕೆ 430 ಲೀಟರ್ ಗಾಳಿ ಕುಡಿಯುತ್ತದೆ, ಅಂದರೆ ಸುಮಾರು 15 ಸಿಎಫ್‌ಎಂ (ನಿಮಿಷಕ್ಕೆ ಘನ ಅಡಿ). ಪಿಸ್ಟನ್ ಕಂಪ್ರೆಸರ್ ಒಂದು ಎಚ್‌ಪಿಗೆ ಅಂದಾಜು 3ರಿಂದ 4 ಸಿಎಫ್‌ಎಂ ಕೊಡುತ್ತದೆ. ಚಿಕ್ಕ ಶೆಡ್ಡಿನ 2 ಎಚ್‌ಪಿ ಯಂತ್ರದಿಂದ ಈ ಗನ್ನಿಗೆ ಬೇಕಾದುದರ ಅರ್ಧ ಸಿಕ್ಕರೆ ಹೆಚ್ಚು. ಬಾಗಿಲು ಶುರು ಮಾಡುವಾಗ ಟ್ಯಾಂಕ್ ತುಂಬಿರುತ್ತದೆ, ಮೊದಲ ಸಾಲುಗಳು ನುಣುಪಾಗಿ ಬೀಳುತ್ತವೆ. ಹಿಂದಿನ ಕ್ವಾರ್ಟರ್ ಪ್ಯಾನೆಲಿಗೆ ಬರುವಷ್ಟರಲ್ಲಿ ಟ್ಯಾಂಕ್ ಬಳಲಿ ಹನಿ ದಪ್ಪವಾಗಿರುತ್ತದೆ. ಒಂದೇ ಕೈ, ಒಂದೇ ಕ್ಲಿಯರ್, ಕಾರಿನ ಮುಂಭಾಗಕ್ಕೂ ಹಿಂಭಾಗಕ್ಕೂ ಬೇರೆ ಮೈ. ಎಚ್‌ವಿಎಲ್‌ಪಿ ಗನ್ ಕೊಂಡು ನಿರಾಶರಾಗಿ ಹಳೆ ಗನ್ನಿಗೆ ಮರಳಿದವರಲ್ಲಿ ಹೆಚ್ಚಿನವರಿಗೆ ಕೈಕೊಟ್ಟದ್ದು ಕಂಪ್ರೆಸರ್.

ನಿಲ್ಲದೆ ಓಡುವ ಕಂಪ್ರೆಸರ್ ಬಿಸಿಯಾಗುತ್ತದೆ, ಬಿಸಿ ಗಾಳಿ ನೀರಿನ ಆವಿಯನ್ನು ಹೊತ್ತು ಫಿಲ್ಟರ್ ದಾಟಿ ಪೈಪಿನಲ್ಲಿ ತಣ್ಣಗಾದಾಗ ನೀರಾಗಿ ಇಳಿಸುತ್ತದೆ. ಮಂಗಳೂರಿನ ಜುಲೈ ತಿಂಗಳ ಗಾಳಿಯನ್ನು ತೆಗೆದುಕೊಂಡರೆ, 30 ಡಿಗ್ರಿಯಲ್ಲಿ ಒಂದು ಘನ ಮೀಟರಿನಲ್ಲಿ 27 ಗ್ರಾಮಿನಷ್ಟು ನೀರು ಆವಿಯಾಗಿರಬಹುದು. ಅದನ್ನು 7 ಬಾರ್‌ಗೆ ಒತ್ತಿ ಮತ್ತೆ 30 ಡಿಗ್ರಿಗೆ ತಂದರೆ 4 ಗ್ರಾಮಿಗೂ ಜಾಗವಿರುವುದಿಲ್ಲ, ಉಳಿದದ್ದು ನೀರಾಗಿ ಸುರಿಯುತ್ತದೆ. 430 ಲೀಟರ್ ಕುಡಿಯುವ ಗನ್ ಒಂದು ಗಂಟೆ ನಡೆದರೆ ಅರ್ಧ ಲೀಟರಿಗೂ ಹೆಚ್ಚು ನೀರು. ಐಸೊಸಯನೇಟಿಗೆ ನೀರು ಸಿಕ್ಕರೆ ಇಂಗಾಲದ ಡೈಆಕ್ಸೈಡ್ ಹುಟ್ಟಿ ಕ್ಲಿಯರಿನೊಳಗೆ ಸೂಜಿಮೊನೆಯಂಥ ಗುಳ್ಳೆಗಳಾಗುತ್ತವೆ, ಹೊಳಪು ಮಂಕಾಗುತ್ತದೆ. ಕರಾವಳಿಯಲ್ಲಿ ಮಳೆಗಾಲದ ಕ್ಲಿಯರ್ ಕೆಲಸಕ್ಕೆ ಟ್ಯಾಂಕಿನ ನೀರು ದಿನಕ್ಕೆರಡು ಬಾರಿ ಬಿಡುವುದೂ ಡ್ರೈಯರ್ ಹಾಕಿಸುವುದೂ ಪ್ರೆಶರ್ ಹೊಂದಿಸಿದಷ್ಟೇ ಅಗತ್ಯ.

ಗಾಳಿಯ ಈ ಹಸಿವಿಗೆ ಕಂಪನಿಗಳು ಕಂಡುಕೊಂಡ ಮಧ್ಯದ ದಾರಿ, ಆರ್‌ಪಿ ಅಥವಾ ಕಾಂಪ್ಲಯಂಟ್, ಅಂದರೆ ನಿಯಮಕ್ಕೆ ಹೊಂದುವ, ಗನ್ನುಗಳದ್ದು. ಇವುಗಳ ಕ್ಯಾಪಿನಲ್ಲಿ ಒತ್ತಡ 10 ಪಿಎಸ್‌ಐ ದಾಟುತ್ತದೆ, ಆದರೂ ಶೇ. 65ರ ಅಳತೆಗೋಲನ್ನು ಮುಟ್ಟುತ್ತವೆ. ಅದೇ ಸಾಟಾಜೆಟ್ 4000ರ ಆರ್‌ಪಿ ಮಾದರಿಗೆ 2 ಬಾರ್‌ನಲ್ಲಿ 290 ಲೀಟರ್ ಸಾಕು. ಕ್ಲಿಯರಿನ ಸ್ವಭಾವವೂ ಇವುಗಳಿಗೇ ಅನುಕೂಲವಾಗಿ ಬದಲಾಗಿದೆ. ಯುರೋಪಿನ 2004ರ ಬಣ್ಣದ ನಿರ್ದೇಶನದ ಪ್ರಕಾರ 2007ರಿಂದ ರಿಪೇರಿ ಟಾಪ್‌ಕೋಟಿನಲ್ಲಿ ಲೀಟರಿಗೆ 420 ಗ್ರಾಮಿಗಿಂತ ಹೆಚ್ಚು ಆವಿಯಾಗುವ ದ್ರಾವಕ ಇರುವಂತಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಕ್ಲಿಯರಿಗೆ 250 ಗ್ರಾಮಿನ ಮಿತಿ ಹಾಕಲಾಯಿತು. ಥಿನ್ನರ್ ಕಡಿಮೆಯಾದಾಗ ಕ್ಲಿಯರ್ ದಪ್ಪವಾಗುತ್ತದೆ, ಒಡೆಯಲು ಹೆಚ್ಚು ಬಲ ಬೇಕಾಗುತ್ತದೆ. ಒಂದು ನಿಯಮ ಒತ್ತಡ ಇಳಿಸು ಎಂದರೆ, ಗಾಳಿಯನ್ನು ಕಾಪಾಡಲೆಂದೇ ಬಂದ ಇನ್ನೊಂದು ನಿಯಮ ಒತ್ತಡ ಏರಿಸಬೇಕಾದ ಕ್ಲಿಯರನ್ನು ಕೈಗೆ ಕೊಟ್ಟಿತು. ಆದ್ದರಿಂದಲೇ ನೀರು ಬೆರೆತ ಬೇಸ್ ಕೋಟಿಗೆ, ಅಂದರೆ ಕ್ಲಿಯರಿನ ಕೆಳಗಿನ ಬಣ್ಣಕ್ಕೆ, ಎಚ್‌ವಿಎಲ್‌ಪಿ, ಥಿನ್ನರ್ ಕಡಿಮೆಯಿರುವ ಹೈ ಸಾಲಿಡ್ ಕ್ಲಿಯರಿಗೆ ಆರ್‌ಪಿ ಎಂದು ಎರಡು ಗನ್ ಇಟ್ಟುಕೊಳ್ಳುವ ಪದ್ಧತಿ ಹಲವು ಕಡೆ ನೆಲೆಯೂರಿದೆ. ಕರ್ನಾಟಕದ ಮಧ್ಯಮ ಗಾತ್ರದ ಶೆಡ್ಡಿಗೆ ಒಂದೇ ಗನ್ ಕೊಳ್ಳುವ ಶಕ್ತಿಯಿದ್ದರೆ ಅದು ಆರ್‌ಪಿ ಬಗೆಯದಾಗಿರುವುದು ಲೇಸು; ಕಂಪ್ರೆಸರಿನ ಮಿತಿಯೇ ಇದಕ್ಕೆ ಕಾರಣ.

ಹಣದ ಲೆಕ್ಕವನ್ನೂ ನೋಡಬೇಕು. ಒಂದು ಚದರ ಮೀಟರ್ ಬಾಗಿಲಿಗೆ ಒಣಗಿದ ಮೇಲೆ 60 ಮೈಕ್ರಾನ್ ಬೇಕು, ಕ್ಲಿಯರಿನಲ್ಲಿ ಅರ್ಧದಷ್ಟು ಗಟ್ಟಿ ಅಂಶವಿದೆ ಎಂದುಕೊಂಡರೆ ಬಾಗಿಲ ಮೇಲೆ 120 ಮಿಲಿಲೀಟರ್ ನಿಲ್ಲಬೇಕು. ಶೇ. 30 ನಿಲ್ಲಿಸುವ ಹಳೆ ಗನ್ನಿಗೆ 400 ಮಿಲಿಲೀಟರ್ ಬೆರೆಸಬೇಕು, ಶೇ. 65ರ ಗನ್ನಿಗೆ 185 ಸಾಕು. ಬಣ್ಣದಂಗಡಿಯಲ್ಲಿ ಹಾರ್ಡ್‌ನರ್ ಸಮೇತ ಕ್ಲಿಯರಿನ ಬೆಲೆ ಕೇಳಿದವರಿಗೆ, ಬಾಗಿಲೊಂದಕ್ಕೆ ಹೆಚ್ಚುವರಿಯಾಗಿ ಗಾಳಿಗೆ ಹಾರಿಹೋಗುತ್ತಿದ್ದ 215 ಮಿಲಿಲೀಟರ್ ಏನೆಂದು ಗೊತ್ತಿರುತ್ತದೆ.

ಕ್ಲಿಯರಿನ ಅಂಕಿಯನ್ನೇ ಬೇಸ್ ಕೋಟಿಗೂ ಬಳಸುವುದು ಸಾಮಾನ್ಯ ಅಭ್ಯಾಸ. ಮೆಟಾಲಿಕ್ ಬಣ್ಣದಲ್ಲಿ ಇದು ದುಬಾರಿ. ಒತ್ತಡ ಹೆಚ್ಚಾಗಿ ಬಣ್ಣ ಒಣಒಣವಾಗಿ ಬಿದ್ದರೆ ಅಲ್ಯೂಮಿನಿಯಂ ಚೂರುಗಳು ಚಪ್ಪಟೆಯಾಗಿ ಕೂತು ಶೇಡ್ ಬೆಳ್ಳಗಾಗುತ್ತದೆ, ಹಸಿಯಾಗಿ ಬಿದ್ದರೆ ಕಪ್ಪಾಗುತ್ತದೆ. ಮ್ಯಾಚಿಂಗ್ ಸರಿಯಿಲ್ಲ ಎಂದು ಬಣ್ಣದಂಗಡಿಯವರ ಜೊತೆ ನಡೆಯುವ ವಾಗ್ವಾದಗಳಲ್ಲಿ ಒಂದಿಷ್ಟರ ಮೂಲ ರೆಗ್ಯುಲೇಟರಿನಲ್ಲಿದೆ.

ಕೊನೆಗೆ ಎಷ್ಟು ನುಣುಪು ಬೇಕು ಎಂಬುದೂ ಒಂದು ಪ್ರಶ್ನೆ. ಕಾರ್ಖಾನೆಯಲ್ಲಿ ಕ್ಲಿಯರ್ ಹೊಡೆಯುವುದು ನಿಮಿಷಕ್ಕೆ ಹತ್ತಾರು ಸಾವಿರ ಸುತ್ತು ತಿರುಗುವ ಲೋಹದ ಗಂಟೆ, ವಿದ್ಯುದಾವೇಶ ಹೊತ್ತ ಹನಿ, ರೋಬೋ ತೋಳು. ಅಲ್ಲಿಂದ ಬಂದ ಹೊಸ ಕಾರಿನ ಮೈಯಲ್ಲೂ ಸಣ್ಣ ಸಿಪ್ಪೆ ಇದ್ದೇ ಇರುತ್ತದೆ. ಜರ್ಮನಿಯ ಬಿವೈಕೆ ಕಂಪನಿಯ ವೇವ್‌ಸ್ಕ್ಯಾನ್ ಎಂಬ ಉಪಕರಣ ಅದನ್ನು 0.3ರಿಂದ 1.2 ಮಿ.ಮೀ. ಉದ್ದದ ಕಿರು ಅಲೆ, 1.2ರಿಂದ 12 ಮಿ.ಮೀ. ಉದ್ದದ ಹಿರಿ ಅಲೆ ಎಂದು ವಿಂಗಡಿಸಿ ಅಳೆಯುತ್ತದೆ. ರಿಪೇರಿ ಮಾಡಿದ ಬಾಗಿಲು ಕನ್ನಡಿಯಂತಿದ್ದು ಪಕ್ಕದ ಬಾಗಿಲು ಕಾರ್ಖಾನೆಯ ಅಲೆ ಹೊತ್ತಿದ್ದರೆ, ಕೊಳ್ಳಲು ಬಂದವರು ಒಂದೇ ನೋಟಕ್ಕೆ ಅಪಘಾತದ ಗಾಡಿ ಎಂದು ಗುರುತಿಸುತ್ತಾರೆ. ಸಿಪ್ಪೆ ಹೆಚ್ಚಾಯಿತೆಂದು 2000ದ ವಾಟರ್ ಪೇಪರ್ ಹಿಡಿದು ಉಜ್ಜಿ ಕಾಂಪೌಂಡ್ ಹಾಕುವವರು, ಬಿಸಿಲು ತಡೆಯುವ 50 ಮೈಕ್ರಾನಿನಲ್ಲಿ ಹಲವು ಮೈಕ್ರಾನ್ ಕಳೆದುಕೊಳ್ಳುತ್ತಾರೆ. ಎರಡು ಮೂರು ವರ್ಷದ ನಂತರ ಟಾಪಿನ ಮೇಲೆ ಕ್ಲಿಯರ್ ಸುಲಿದು ಬಿಳಿಚಿಕೊಂಡ ಕಾರುಗಳಲ್ಲಿ ಹೀಗೆ ಉಜ್ಜಿಸಿಕೊಂಡವೂ ಇರುತ್ತವೆ.

ಇದನ್ನೆಲ್ಲ ಕಲಿಸುವ ವ್ಯವಸ್ಥೆ ನಮ್ಮಲ್ಲಿ ತೆಳು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ 2008ರ ನಿಯಮ, ವಾಹನಗಳಿಗೆ ಬಣ್ಣ ಹೊಡೆಯುವವರಿಗೆ ಗನ್ ಹೊಂದಿಸುವ ತರಬೇತಿಯನ್ನು ಕಡ್ಡಾಯ ಮಾಡಿತು, ಐದು ವರ್ಷಕ್ಕೊಮ್ಮೆ ಅದನ್ನು ನವೀಕರಿಸಬೇಕು. ಇಲ್ಲಿ 2007ರಲ್ಲಿ ಬಿಡದಿಯಲ್ಲಿ ಶುರುವಾದ ಟೊಯೊಟಾ ತಾಂತ್ರಿಕ ತರಬೇತಿ ಸಂಸ್ಥೆಯಲ್ಲಿ ಪೇಂಟಿಂಗ್ ಒಂದು ವಿಭಾಗವಾಗಿದೆ. ಆದರೆ ರಸ್ತೆಬದಿಯ ಶೆಡ್ಡಿನ ಹುಡುಗ ಇವತ್ತಿಗೂ ವಾಟರ್ ಪೇಪರ್ ಉಜ್ಜುತ್ತ ವರ್ಷಗಟ್ಟಲೆ ಕಾದು, ಉಸ್ತಾದರ ಪಕ್ಕದಲ್ಲಿ ನಿಂತು ನೋಡಿ ಕಲಿಯುತ್ತಾನೆ. ಹಾಗೆ ಕಲಿತವರ ಕೈಯಲ್ಲಿ ಅದ್ಭುತ ಕೆಲಸವೂ ಬರುತ್ತದೆ. ಆದರೆ ಅವರು ಕಲಿಯುವ ಅಂಕಿ ಆ ಒಂದು ಶೆಡ್ಡಿನ ಗೋಡೆಯದ್ದು.

ಪ್ರೆಶರಿನ ಆಯ್ಕೆಗೆ ದೇಹದ ಲೆಕ್ಕವೂ ಸೇರಬೇಕು. ಹಾರ್ಡ್‌ನರಿನ ಐಸೊಸಯನೇಟ್ ಮಂಜಾಗಿ ಉಸಿರಿನೊಳಗೆ ಹೋದರೆ ಆಸ್ತಮಾ ಬರಬಹುದು, ಒಮ್ಮೆ ಅಂಟಿಕೊಂಡರೆ ಆಮೇಲೆ ಅತಿ ಸ್ವಲ್ಪವೂ ದೇಹಕ್ಕೆ ಆಗುವುದಿಲ್ಲ. ವಾಹನ ಪೇಂಟರ್‌ಗಳಿಗೆ ಆಸ್ತಮಾ ಬರುವ ಸಾಧ್ಯತೆ ಸರಾಸರಿಗಿಂತ ಸುಮಾರು 80 ಪಟ್ಟು ಹೆಚ್ಚು ಎಂದು ಬ್ರಿಟನ್ನಿನ ಆರೋಗ್ಯ ಮತ್ತು ಸುರಕ್ಷತಾ ಇಲಾಖೆ ಹೇಳುತ್ತ ಬಂದಿದೆ. ಹಾನಿ ಮಾಡುವಷ್ಟು ಇದ್ದಾಗಲೂ ಐಸೊಸಯನೇಟಿನ ವಾಸನೆ ತಿಳಿಯುವುದಿಲ್ಲ. ಟ್ರಿಗರ್ ಬಿಟ್ಟ ಮೇಲೂ ಕಣ್ಣಿಗೆ ಕಾಣದ ಸಣ್ಣ ಹನಿಗಳು ಬಣ್ಣ ಹೊಡೆಯುವ ಬೂತಿನಲ್ಲಿ ತೇಲುತ್ತಿರುತ್ತವೆ. ಕಾಣದ ಈ ಮಂಜು ಒತ್ತಡ ಏರಿಸಿದಷ್ಟೂ ಹೆಚ್ಚುತ್ತದೆ. ಮೂಗಿಗೆ ಕರ್ಚೀಫ್ ಕಟ್ಟಿಕೊಂಡು ಕ್ಲಿಯರ್ ಹೊಡೆಯುವ ದೃಶ್ಯ ನಮ್ಮ ಊರುಗಳಲ್ಲಿ ಸಾಮಾನ್ಯವಾಗಿರುವುದು ನೋವಿನ ಸಂಗತಿ. ಬೇಕಾದದ್ದು ಪೈಪಿನಿಂದ ಶುದ್ಧ ಗಾಳಿ ಕೊಡುವ ಮಾಸ್ಕ್. ಅದಕ್ಕೂ ಉಸಿರಾಟಕ್ಕೆ ತಕ್ಕ ಫಿಲ್ಟರ್ ದಾಟಿ ಅದೇ ಕಂಪ್ರೆಸರಿನಿಂದ ನಿಮಿಷಕ್ಕೆ 150ರಿಂದ 200 ಲೀಟರ್ ಗಾಳಿ ಹೋಗಬೇಕು. ಎಚ್‌ವಿಎಲ್‌ಪಿ ಗನ್ನಿನ 430ಕ್ಕೆ ಇದನ್ನು ಸೇರಿಸಿದರೆ 600 ಲೀಟರ್ ಆಸುಪಾಸು, ಚಿಕ್ಕ ಯಂತ್ರ ಎಳೆಯಲಾರದ ಹೊರೆ. ಮಾಸ್ಕ್ ಸಿಗಿಸಿದ ಕೂಡಲೇ ಗನ್ನಿನ ಪ್ರೆಶರ್ ಕುಸಿಯುತ್ತದೆ, ಪೇಂಟರ್ ಮಾಸ್ಕನ್ನೇ ಬಿಚ್ಚಿಡುತ್ತಾನೆ. ಆರ್‌ಪಿ ಗನ್ನಿನ 290ಕ್ಕೆ ಮಾಸ್ಕಿನ 150 ಕೂಡಿದರೆ 440, ಅಂದರೆ ಹೆಚ್ಚುಕಡಿಮೆ ಎಚ್‌ವಿಎಲ್‌ಪಿ ಗನ್ ಒಂದನ್ನೇ ನಡೆಸಲು ಬೇಕಾಗುವ ಕಂಪ್ರೆಸರಿನಲ್ಲಿ ಗನ್ನೂ ಮಾಸ್ಕೂ ಎರಡೂ ನಡೆಯುತ್ತವೆ.